ಹಜಾರದ ಟಿವಿಗೆ ಬಂದ ಕಂಪ್ಯೂಟರ್ ಆಟ: ಗೃಹ ಸ್ಟ್ರೀಮಿಂಗ್‌ನ ಇತಿಹಾಸ

ಒಂದು ಕೋಣೆಯ ಕಂಪ್ಯೂಟರ್‌ನಲ್ಲಿ ನಡೆಯುವ ಆಟದ ದೃಶ್ಯವನ್ನೂ ಧ್ವನಿಯನ್ನೂ ಮನೆಯದೇ ಜಾಲದ ಮೂಲಕ ಹಜಾರದ ಟಿವಿಗೆ ಹರಿಸಿ, ಸೋಫಾದಲ್ಲಿ ಕೂತವರು ಕಂಟ್ರೋಲರ್ ಹಿಡಿದು ಆಡುವಂತೆ ಮಾಡುವುದೇ ಗೃಹ ಸ್ಟ್ರೀಮಿಂಗ್. ಸಿನಿಮಾವನ್ನಾದರೆ ಕೆಲವು ಸೆಕೆಂಡುಗಳಷ್ಟು ಮೊದಲೇ ತುಂಬಿಸಿಟ್ಟುಕೊಳ್ಳಬಹುದು. ಆಟದಲ್ಲಿ ಹಾಗಾಗದು, ಆಟಗಾರ ಗುಂಡಿ ಒತ್ತುವವರೆಗೆ ಮುಂದಿನ ದೃಶ್ಯ ಹುಟ್ಟಿಯೇ ಇರುವುದಿಲ್ಲ. ಹೀಗಾಗಿ ಈ ತಂತ್ರದ ಚರಿತ್ರೆ ಬಹುಮಟ್ಟಿಗೆ ಮಿಲಿಸೆಕೆಂಡುಗಳನ್ನು ಉಳಿಸಿದ ಚರಿತ್ರೆ.

ಕಂಪ್ಯೂಟರ್ ಆಟಕ್ಕೆ ಟಿವಿ ಹೊಸ ನೆಲೆಯೇನಲ್ಲ. 1982ರಲ್ಲಿ ಬಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಮತ್ತು ಕಮೊಡೋರ್ 64 ಮನೆಯ ಟಿವಿಗೇ ತಂತಿ ಜೋಡಿಸಿ ಬಳಸುವ ಯಂತ್ರಗಳಾಗಿದ್ದವು. ಕಂಪ್ಯೂಟರ್‌ಗೆ ಅದರದೇ ಮಾನಿಟರ್ ಬಂದ ಮೇಲೆ ಆಟವೂ ಅದರ ಜೊತೆ ಓದುವ ಮೇಜಿಗೆ ಸರಿಯಿತು. ಹಜಾರ ಕನ್ಸೋಲ್‌ಗಳ ಪಾಲಾಯಿತು.

ಮರಳಿ ಬರುವ ದಾರಿಯನ್ನು ಮೊದಲು ದೊಡ್ಡ ಸದ್ದಿನೊಂದಿಗೆ ತೆರೆದದ್ದು ದೂರದ ಸರ್ವರ್‌ಗಳನ್ನು ನಂಬಿದವರು. ಸ್ಟೀವ್ ಪರ್ಲ್‌ಮನ್ 2009ರಲ್ಲಿ ಪ್ರಕಟಿಸಿದ ಆನ್‌ಲೈವ್ ಸೇವೆ ಮರುವರ್ಷ ಅಮೆರಿಕದಲ್ಲಿ ಶುರುವಾಯಿತು. ಟಿವಿಗೆ ಜೋಡಿಸುವ ಪುಟ್ಟ ಪೆಟ್ಟಿಗೆಯನ್ನೂ 99 ಡಾಲರ್‌ಗೆ ಮಾರಿತು. ಆಟ ಮಾತ್ರ ನೂರಾರು ಮೈಲಿ ದೂರದ ದತ್ತಾಂಶ ಕೇಂದ್ರದಲ್ಲಿ ನಡೆಯುತ್ತಿತ್ತು. 2012ರಲ್ಲಿ ಸಂಸ್ಥೆ ಆರ್ಥಿಕವಾಗಿ ಕುಸಿಯಿತು, 2015ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು. ಆ ಹೊತ್ತಿಗೆ ಬೇರೊಂದು ಸಾಧ್ಯತೆ ಕಣ್ಣೆದುರಿಗೇ ಇತ್ತು. 2012ರ ನಿಂಟೆಂಡೊ ವೀ ಯು ಕನ್ಸೋಲ್ ಟಿವಿ ಪಕ್ಕದಿಂದ ಕೈಯಲ್ಲಿನ ಪರದೆಗೆ ಆಟವನ್ನು ನಿಸ್ತಂತುವಾಗಿ, ಬಹುತೇಕ ವಿಳಂಬವೇ ತಿಳಿಯದಂತೆ ಕಳುಹಿಸುತ್ತಿತ್ತು. ದೂರ ಕೆಲವೇ ಅಡಿಗಳಿದ್ದರೆ ವಿಳಂಬದ ಬಹುಪಾಲು ತಾನಾಗಿಯೇ ಕಳಚಿಕೊಳ್ಳುತ್ತದೆ.

ಉಳಿದ ತೊಡಕು ಲೆಕ್ಕದ್ದು. 1920×1080 ಅಳತೆಯ ಚಿತ್ರವನ್ನು ಸೆಕೆಂಡಿಗೆ 60 ಬಾರಿ, ಏನನ್ನೂ ಕುಗ್ಗಿಸದೆ ಕಳಿಸಬೇಕಾದರೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್ ಬೇಕು. ಮನೆಯ ಜಾಲಕ್ಕೆ ಅದು ಹೊರಲಾರದ ಹೊರೆ. ನೂರು ಪಟ್ಟು ಕುಗ್ಗಿಸಲೇಬೇಕು. ಅದಕ್ಕೆ ಒಂದು ಫ್ರೇಮ್‌ಗೆ, ಅಂದರೆ ಒಂದು ಚಿತ್ರಕ್ಕೆ, ಸಿಗುವ ಸಮಯ 16.7 ಮಿಲಿಸೆಕೆಂಡ್. ಸಿನಿಮಾ ಕುಗ್ಗಿಸುವಾಗ ಮುಂದೆ ಬರುವ ಫ್ರೇಮ್‌ಗಳನ್ನೂ ನೋಡಿ ಜಾಗ ಉಳಿಸುವ ಸೌಕರ್ಯವಿದೆ, ಇಲ್ಲಿ ಅದಕ್ಕಾಗಿ ಕಾಯುವುದೇ ಸೋಲು. ಆಟದಿಂದಲೇ ಬಳಲಿರುವ ಪ್ರೊಸೆಸರ್ ಮೇಲೆ ಈ ಕೆಲಸವನ್ನೂ ಹೇರಿದರೆ ಆಟವೇ ಕುಂಟುತ್ತದೆ. 2012ರಲ್ಲಿ ಎನ್‌ವಿಡಿಯಾ ತನ್ನ ಕೆಪ್ಲರ್ ಪೀಳಿಗೆಯ ಗ್ರಾಫಿಕ್ಸ್ ಚಿಪ್‌ನೊಳಗೇ ಎಚ್.264 ವಿಧಾನದಲ್ಲಿ ವಿಡಿಯೋ ಕುಗ್ಗಿಸುವ ಎನ್‌ಕೋಡರ್ ಅನ್ನು ಪ್ರತ್ಯೇಕ ಭಾಗವಾಗಿ ಇಟ್ಟದ್ದು ಈ ಕಥೆಯ ನಿಜವಾದ ತಿರುವು. ಜಾಹೀರಾತುಗಳಲ್ಲಿ ಅಷ್ಟಾಗಿ ಕಾಣದ ಆ ಭಾಗವಿಲ್ಲದೆ ಮುಂದಿನ ಯಾವುದೂ ಸಲೀಸಾಗುತ್ತಿರಲಿಲ್ಲ.

ಫಲ ಬೇಗನೆ ಕಂಡಿತು. 2013ರ ಜುಲೈನಲ್ಲಿ ಬಂದ ಎನ್‌ವಿಡಿಯಾ ಶೀಲ್ಡ್ ಎಂಬ ಕೈಯಾಟದ ಸಾಧನ ಮನೆಯ ಪಿಸಿಯಿಂದ ಆಟ ತರಿಸಿಕೊಳ್ಳುತ್ತಿತ್ತು. 2015ರಲ್ಲಿ ಅದೇ ಹೆಸರಿನ ಟಿವಿ ಪೆಟ್ಟಿಗೆ ಬಂತು. ಗೇಮ್‌ಸ್ಟ್ರೀಮ್ ಎಂಬ ಈ ವ್ಯವಸ್ಥೆ ಕಂಪನಿಯ ಸಾಧನಗಳಿಗೆ ಮಾತ್ರ ಮೀಸಲಾಗಿತ್ತು. ಓಹಿಯೋದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅದರ ಸಂವಹನ ವಿಧಾನವನ್ನು ಬಿಡಿಸಿ ನೋಡಿ, ಯಾವುದೇ ಆಂಡ್ರಾಯ್ಡ್ ಸಾಧನದಲ್ಲಿ ನಡೆಯುವ ಮುಕ್ತ ತಂತ್ರಾಂಶ ಬರೆದರು. ಲೈಮ್‌ಲೈಟ್ ಎಂದು ಶುರುವಾದ ಅದು ಮುಂದೆ ಮೂನ್‌ಲೈಟ್ ಆಯಿತು.

ವಾಲ್ವ್ ಸಂಸ್ಥೆಯ ಉದ್ದೇಶ ಇನ್ನೂ ವಿಶಾಲವಾಗಿತ್ತು. ತನ್ನ ಆನ್‌ಲೈನ್ ಆಟದಂಗಡಿ ಸ್ಟೀಮ್ ಅನ್ನು ಟಿವಿ ಪರದೆಗೆ ಒಗ್ಗಿಸುವ ‘ಬಿಗ್ ಪಿಕ್ಚರ್’ ವಿಧಾನವನ್ನು ಅದು 2012ರಲ್ಲೇ ತಂದಿತ್ತು. ಮರುವರ್ಷ ಲಿನಕ್ಸ್ ಆಧಾರಿತ ಸ್ಟೀಮ್‌ಒಎಸ್ ಪ್ರಕಟಿಸಿದಾಗ ಮುಖ್ಯ ಅಡ್ಡಿ ಎದುರಾಯಿತು: ಬಹುಪಾಲು ಆಟಗಳು ವಿಂಡೋಸ್‌ಗಷ್ಟೇ ಇದ್ದವು. ಸ್ಟ್ರೀಮಿಂಗ್ ಇದಕ್ಕೆ ಉಪಾಯವಾಯಿತು. ಆಟ ಒಳಕೋಣೆಯ ವಿಂಡೋಸ್ ಯಂತ್ರದಲ್ಲಿ ಓಡಲಿ, ಹಜಾರದ ಯಂತ್ರ ಅದನ್ನು ತೋರಿಸಿದರೆ ಸಾಕು. 2014ರ ಮೇ ತಿಂಗಳಲ್ಲಿ ಈ ಸೌಲಭ್ಯ ಎಲ್ಲರಿಗೂ ದೊರೆಯಿತು. 2015ರ ನವೆಂಬರ್‌ನಲ್ಲಿ ಸುಮಾರು 50 ಡಾಲರ್ ಬೆಲೆಯ ಸ್ಟೀಮ್ ಲಿಂಕ್ ಬಂತು. ಅದರಲ್ಲಿದ್ದದ್ದು ಒಂದು ಎಚ್‌ಡಿಎಂಐ ಕಿಂಡಿ, ಮೂರು ಯುಎಸ್‌ಬಿ, ಈಥರ್ನೆಟ್, ವೈ-ಫೈ, ಬ್ಲೂಟೂತ್, ಅಷ್ಟೇ. ಜೊತೆಗೇ ಬಂದ, ಸ್ಟೀಮ್‌ಒಎಸ್ ಓಡಿಸುವ ದುಬಾರಿ ಸ್ಟೀಮ್ ಮಷೀನ್‌ಗಳು ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಈ ಬಡಪಾಯಿ ಪೆಟ್ಟಿಗೆಯೇ ಅವುಗಳಿಗಿಂತ ಹೆಚ್ಚು ಉಪಕಾರಿಯಾಯಿತು. 2018ರಲ್ಲಿ ಅದರ ಮಾರಾಟವೂ ನಿಂತಿತು. ಅಷ್ಟರಲ್ಲಿ ಅದರ ಕೆಲಸವನ್ನು ಆಂಡ್ರಾಯ್ಡ್ ಟಿವಿಯ ಆ್ಯಪ್ ಮಾಡತೊಡಗಿತ್ತು, ಆ ವರ್ಷದ ಕೊನೆಗೆ ರಾಸ್‌ಬೆರಿ ಪೈ ಕೂಡ ಸೇರಿಕೊಂಡಿತು. ವ್ಯಾಪಾರದ ಹಿತಾಸಕ್ತಿಯ ಕಾರಣ ನೀಡಿ ತಡೆದಿದ್ದ ಆ್ಯಪಲ್ 2019ರ ಮೇನಲ್ಲಿ ಆ್ಯಪನ್ನು ಒಳಬಿಟ್ಟಿತು.

ಬಳಸಿದವರು ಕಲಿತ ಪಾಠಗಳು ಹೆಚ್ಚಾಗಿ ಗೋಡೆ, ತಂತಿಗಳಿಗೆ ಸೇರಿದವು. ನೆರೆಹೊರೆಯ ರೌಟರ್‌ಗಳಿಂದ ಕಿಕ್ಕಿರಿದ 2.4 ಗಿಗಾಹರ್ಟ್ಸ್ ವೈ-ಫೈಯಲ್ಲಿ ಚಿತ್ರ ಚೂರುಚೂರಾಗುತ್ತದೆ. 5 ಗಿಗಾಹರ್ಟ್ಸ್ ವಾಸಿ, ಕಾಂಕ್ರೀಟ್ ಗೋಡೆ ಎದುರಾದರೆ ಅದೂ ಸೊರಗುತ್ತದೆ. ಕಂಪ್ಯೂಟರ್‌ಗಾದರೂ ಈಥರ್ನೆಟ್ ತಂತಿ ಎಳೆದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಟಿವಿಯ ಪಾಲೂ ಕಡಿಮೆಯಲ್ಲ. ಚಿತ್ರವನ್ನು ನಯಗೊಳಿಸಲು ಅದು ತನ್ನೊಳಗೇ ಹತ್ತಾರು ಮಿಲಿಸೆಕೆಂಡ್ ಹಿಡಿದಿಡುತ್ತದೆ. ಆ ವಿಳಂಬ ತಗ್ಗಿಸಲೆಂದೇ ಟಿವಿಗಳಲ್ಲಿ ‘ಗೇಮ್ ಮೋಡ್’ ಬಂದದ್ದು. 2017ರ ಎಚ್‌ಡಿಎಂಐ 2.1 ಅದನ್ನು ತಾನಾಗಿ ಚಾಲೂ ಮಾಡುವ ಸೌಲಭ್ಯ ಸೇರಿಸಿತು.

2023ರ ಆರಂಭ ಈ ಕ್ಷೇತ್ರಕ್ಕೆ ಕಠಿಣವಾಗಿತ್ತು. ಜನವರಿ 18ರಂದು, ದೂರದ ಸರ್ವರ್‌ಗಳಲ್ಲಿ ಆಟ ನಡೆಸುತ್ತಿದ್ದ ಗೂಗಲ್‌ನ ಸ್ಟೇಡಿಯಾ ಸೇವೆ ಮುಚ್ಚಿತು. ಮರುತಿಂಗಳು ಎನ್‌ವಿಡಿಯಾ ತನ್ನ ಶೀಲ್ಡ್ ಪೆಟ್ಟಿಗೆಗಳಿಂದ ಗೇಮ್‌ಸ್ಟ್ರೀಮ್ ತೆಗೆಯತೊಡಗಿತು. ಎರಡರ ಪರಿಣಾಮ ಮಾತ್ರ ಬೇರೆಬೇರೆ. ಸ್ಟೇಡಿಯಾ ಹೋದಾಗ ಆಟ ನಡೆಸುವ ಯಂತ್ರಗಳೂ ಹೋದವು. ಗೇಮ್‌ಸ್ಟ್ರೀಮ್ ಹೋದಾಗ ಯಂತ್ರ, ಆಟ, ಜಾಲ ಎಲ್ಲವೂ ಬಳಕೆದಾರರ ಮನೆಯಲ್ಲೇ ಉಳಿದವು. ಕಳಚಿದ ಕೊಂಡಿಯ ಜಾಗಕ್ಕೆ ಸನ್‌ಶೈನ್ ಎಂಬ ಮುಕ್ತ ತಂತ್ರಾಂಶ ಸಿದ್ಧವಾಗಿತ್ತು. ಅದು ಪಿಸಿಯಿಂದ ಕಳಿಸುತ್ತದೆ, ಮೂನ್‌ಲೈಟ್ ಟಿವಿಯಲ್ಲಿ ಪಡೆಯುತ್ತದೆ. ಎನ್‌ವಿಡಿಯಾ ಮಾತ್ರವಲ್ಲದೆ ಎಎಮ್‌ಡಿ, ಇಂಟೆಲ್ ಚಿಪ್‌ಗಳ ಎನ್‌ಕೋಡರ್‌ಗಳನ್ನೂ ಈ ಜೋಡಿ ಬಳಸಿಕೊಳ್ಳುತ್ತದೆ.