ಮುಗ್ಗಟ್ಟಿನ ಕಾಲದ ಮಜೂರಿ ಮಗ್ಗಗಳು



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮಗ್ಗದ ಮನೆಗಳಿಂದ ಬಂದವರು ಅನೇಕರು. 2020ರ ಲಾಕ್‌ಡೌನ್ ನಂತರ ಅವರಲ್ಲಿ ಕೆಲವರು ಮಗ್ಗಗಳನ್ನು ಗುಜರಿಗೆ ಹಾಕಿದರು. ಕೆಲವರು ಇನ್ನೆರಡು ಮಗ್ಗಗಳನ್ನು ಕೊಂಡರು. ಓಣಿ ಒಂದೇ, ಮಾರುಕಟ್ಟೆ ಒಂದೇ. ಫಲ ಮಾತ್ರ ಬೇರೆಯಾದದ್ದೇಕೆ? ಇದಕ್ಕೆ ಉತ್ತರ ನಮ್ಮ ಸೀಮೆಯ ಇತಿಹಾಸದಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

ಮಜೂರಿ ನೇಕಾರಿಕೆಯೆಂಬುದು ಒಂದು ಸಣ್ಣ ಗುತ್ತಿಗೆ ಉದ್ಯೋಗವೇ ಸರಿ. ಮಾಲೀಕನು ನೂಲು, ಬೀಮು ಒದಗಿಸುತ್ತಾನೆ. ನೇಕಾರನು ತನ್ನ ಮನೆಯ ಮಗ್ಗದಲ್ಲಿ ಸೀರೆ ನೇಯ್ದು ಒಪ್ಪಿಸಿ ಮಜೂರಿ ಪಡೆಯುತ್ತಾನೆ. ನೂಲಿನ ಬೆಲೆ ಏರಿದರೆ, ಸೀರೆ ಮಾರಾಟವಾಗದೆ ಉಳಿದರೆ ಮೊದಲ ಪೆಟ್ಟು ಮಾಲೀಕನಿಗೆ. ಆದರೆ ಅವನು ಬೀಮು ಕೊಡುವುದನ್ನು ನಿಲ್ಲಿಸಿದ ದಿನ ನೇಕಾರನ ಮನೆಯ ಒಲೆಯೂ ತಣ್ಣಗಾಗುತ್ತದೆ.

1929ರಲ್ಲಿ ಜಗತ್ತಿಗೆ ಮಹಾ ಆರ್ಥಿಕ ಮುಗ್ಗಟ್ಟು ಬಂದೆರಗಿತು. ಆಗ ಬನಹಟ್ಟಿ ಜಮಖಂಡಿಯ ಪಟವರ್ಧನರ ಸಂಸ್ಥಾನದಲ್ಲಿತ್ತು. ರಬಕವಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಮುಧೋಳವನ್ನು ಘೋರ್ಪಡೆಯವರು ಆಳುತ್ತಿದ್ದರು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಗಡಿಗಳು ನಾಲ್ಕಾದರೂ ಕಷ್ಟ ಒಂದೇ. ಎರಡು ವರ್ಷಗಳಲ್ಲಿ ದೇಶದ ಕೃಷಿ ಉತ್ಪನ್ನಗಳ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ರೈತನ ಕೈ ಬರಿದಾದರೆ ಸೀರೆ ಕೊಳ್ಳುವವರಾರು?

ಆದರೂ ಆ ದಶಕದಲ್ಲಿಯೇ ನೆರೆಯ ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗಗಳು ಬೆಳೆದವು. ಅಲ್ಲಿ ಮೊದಲ ಯಂತ್ರಮಗ್ಗ 1904ರಲ್ಲಿ ಬಂದಿತ್ತು. ಮುಂಬಯಿಯ ಗಿರಣಿಗಳು ಹೊರಹಾಕಿದ ಹಳೆಯ ಮಗ್ಗಗಳನ್ನು ಸಣ್ಣ ಉದ್ಯಮಿಗಳು ಅಗ್ಗದ ಬೆಲೆಗೆ ತಂದು, ಬಣ್ಣದ ಸೀರೆಗಳನ್ನು ನೇಯತೊಡಗಿದರು. ದೊಡ್ಡವರಿಗೆ ಹೊರೆಯಾದದ್ದು ಸಣ್ಣವರಿಗೆ ಬಂಡವಾಳವಾಯಿತು.

ಸ್ವಾತಂತ್ರ್ಯಾನಂತರ ಸರ್ಕಾರವೂ ಒಬ್ಬ ಮಾಲೀಕನಾಗಿ ಬಂದಿತು. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವು ನೂಲು ಕೊಟ್ಟು, ಬಟ್ಟೆ ಪಡೆದು ಮಜೂರಿ ನೀಡಿತು. ನಾವು ಶಾಲೆಗಳಲ್ಲಿ ಹಂಚುತ್ತಿದ್ದ ಸಮವಸ್ತ್ರದ ಬಟ್ಟೆಯ ಹಿಂದೆಯೂ ಇಂಥ ನೇಕಾರರ ದುಡಿಮೆಯಿತ್ತು. 1976ರಲ್ಲಿ ಕೇಂದ್ರದ ಜನತಾ ಬಟ್ಟೆ ಯೋಜನೆ ಆರಂಭವಾಯಿತು. ಮಾರುಕಟ್ಟೆ ಬಿದ್ದಾಗಲೂ ಮಗ್ಗ ನಡೆಯುವಂತಾದುದು ಸಣ್ಣ ಮಾತಲ್ಲ. ಆದರೆ 1990ರ ದಶಕದಲ್ಲಿ ಆ ಯೋಜನೆ ಹಂತಹಂತವಾಗಿ ನಿಂತಾಗ, ಆ ಬಟ್ಟೆಯನ್ನೊಂದೇ ನೇಯ್ದು ರೂಢಿಯಾದವರಿಗೆ ಬೇರೆ ಬಾಗಿಲು ಇರಲಿಲ್ಲ.

ಈಚಿನ ಸಂಕಷ್ಟವನ್ನು ದಾಟಿದ ನನ್ನ ಶಿಷ್ಯರಲ್ಲಿಯೂ ನಾನು ಇದನ್ನೇ ಕಂಡೆ. ಅವರು ಒಬ್ಬನೇ ಮಾಲೀಕನನ್ನು ನೆಚ್ಚಿರಲಿಲ್ಲ. ಇಬ್ಬರು ಮೂವರ ಬೀಮುಗಳು ಅವರ ಮಗ್ಗಗಳ ಮೇಲಿದ್ದವು. ಒಳ್ಳೆಯ ದಿನಗಳಲ್ಲಿ ಸಾಲ ಮಾಡಿ ಮಗ್ಗಗಳನ್ನು ಹೆಚ್ಚಿಸಿರಲಿಲ್ಲ. ಆದುದರಿಂದಲೇ ಕೆಟ್ಟ ದಿನಗಳಲ್ಲಿ ಕೈಯಲ್ಲಿದ್ದ ಹಣ ಕೊಟ್ಟು, ಅಗ್ಗಕ್ಕೆ ಬಂದ ಮಗ್ಗಗಳನ್ನು ಕೊಳ್ಳಬಲ್ಲವರಾದರು. ಒಪ್ಪಿಸಿದ ಸೀರೆ, ಬರಬೇಕಾದ ಮಜೂರಿ ಎರಡನ್ನೂ ದಿನದಿನವೂ ವಹಿಯಲ್ಲಿ ಬರೆದಿಡುತ್ತಿದ್ದರು.

ಮಗ್ಗ ಮಾರಿದವರೆಲ್ಲರೂ ಅಜಾಗರೂಕರೆಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಕಾಯಿಲೆ ಬಂದರೆ, ಮಗಳ ಮದುವೆ ಕೂಡಿಬಂದರೆ ಯಾವ ಲೆಕ್ಕವೂ ನಿಲ್ಲದು. 2020ರಲ್ಲಿ ರಾಜ್ಯ ಸರ್ಕಾರವು ಕೈಮಗ್ಗ ನೇಕಾರರಿಗೆ ವರ್ಷಕ್ಕೆ ಘೋಷಿಸಿದ 2,000 ರೂಪಾಯಿ ಎಷ್ಟು ದಿನದ ಸಂತೆಗೆ ಸಾಲುತ್ತದೆಂಬುದನ್ನು ನೀವೇ ಬಲ್ಲಿರಿ. ಸಾಲದ ಭಾರ ತಾಳದೆ ಜೀವ ಕಳೆದುಕೊಂಡ ನೇಕಾರರ ಸುದ್ದಿಗಳನ್ನೂ ನಾವು ಓದಿದ್ದೇವೆ.

ಆದ್ದರಿಂದ ಮಗ್ಗ ನಡೆಸುತ್ತಿರುವ ಮಕ್ಕಳಿಗೆ ನನ್ನ ಮಾತಿಷ್ಟೇ: ಹಾಸಿಗೆ ಇದ್ದಷ್ಟೇ ಕಾಲು ಚಾಚಿರಿ; ಎರಡನೆಯ ಬಾಗಿಲನ್ನು ಸುಗ್ಗಿಯ ಕಾಲದಲ್ಲಿಯೇ ತೆರೆದಿಡಿರಿ. ಸಾಲ ಕೈಮೀರಿದ್ದರೆ ಮಗ್ಗ ಮಾರಿದರೂ ಚಿಂತೆಯಿಲ್ಲ. ಮಗ್ಗ ಮತ್ತೆ ಬಂದೀತು. ಹೋದ ಜೀವ ಬಾರದು.