ಹುದ್ದೆಯ ಮೌಲ್ಯನಿರ್ಣಯ: ಸರ್ಕಾರಿ ಸೇವಾ ವರ್ಗೀಕರಣದ ಒಂದು ವಿಮರ್ಶೆ

ರಾಜ್ಯವು ತನ್ನ ನೌಕರನಿಗೆ ಕೊಡುವ ಸಂಬಳವು ಅವನು ನಿರ್ವಹಿಸುವ ಕಾರ್ಯದ ಗುರುತ್ವಕ್ಕೆ ಅನುಗುಣವಾಗಿರತಕ್ಕದ್ದೆಂಬ ತತ್ತ್ವವನ್ನು ಅಮೆರಿಕದ ಸಂಯುಕ್ತ ಸಂಸ್ಥಾನವು 1923ರ ವರ್ಗೀಕರಣ ಶಾಸನದಿಂದ ಅಂಗೀಕರಿಸಿ, 1949ರಲ್ಲಿ ಆ ಶಾಸನವನ್ನು ಪರಿಷ್ಕರಿಸಿತು. ಅಲ್ಲಿ ಪರೀಕ್ಷೆಗೆ ಒಳಗಾಗುವುದು ಹುದ್ದೆ. ಅದರಲ್ಲಿರುವವನ ದಕ್ಷತೆಯಾಗಲಿ ಸೇವಾವಧಿಯಾಗಲಿ ಗಣನೆಗೆ ಬಾರದು. 1970ರ ದಶಕದಲ್ಲಿ ರೂಪುಗೊಂಡ ಪದ್ಧತಿಯಂತೆ, ಕರ್ತವ್ಯಗಳ ವಿವರಣೆಯನ್ನು ಬರೆಯಿಸಿ, ಅಗತ್ಯವಾದೆಡೆ ನೌಕರನನ್ನೂ ಅವನ ಮೇಲಧಿಕಾರಿಯನ್ನೂ ಪ್ರತ್ಯಕ್ಷವಾಗಿ ವಿಚಾರಿಸಿ, ಬೇಕಾಗುವ ಜ್ಞಾನ, ಮೇಲ್ವಿಚಾರಣೆಯ ಬಿಗಿ, ಅನುಸರಿಸಬೇಕಾದ ನಿಯಮಗಳು, ಜಟಿಲತೆ, ಪರಿಣಾಮದ ವ್ಯಾಪ್ತಿ, ಸಂಪರ್ಕಗಳು, ಅವುಗಳ ಉದ್ದೇಶ, ದೇಹಶ್ರಮ, ಕೆಲಸದ ಪರಿಸರ ಎಂಬ ಒಂಬತ್ತು ಅಂಶಗಳಿಗೆ ಅಂಕಗಳನ್ನಿತ್ತು, ಅವುಗಳ ಮೊತ್ತದಿಂದ ದರ್ಜೆಯನ್ನು ನಿಶ್ಚಯಿಸುವರು. ಕಡತಗಳ ರಾಶಿ ಬೆಳೆದ ಮಾತ್ರಕ್ಕೆ ದರ್ಜೆ ಏರುವುದಿಲ್ಲ. ಕಾಠಿನ್ಯವೂ ಹೊಣೆಗಾರಿಕೆಯೂ ಏರಿರಬೇಕು. ತೀರ್ಪು ಒಪ್ಪಿಗೆಯಾಗದ ನೌಕರನಿಗೆ ಮೇಲ್ಮನವಿಯ ಹಕ್ಕುಂಟು, ಆದರೆ ಮರುಪರಿಶೀಲನೆಯಲ್ಲಿ ದರ್ಜೆ ಇಳಿಯಲೂಬಹುದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಜ್ಞಾನಕ್ಕೆ ಗರಿಷ್ಠ 1,850 ಅಂಕಗಳನ್ನು ಮೀಸಲಿಟ್ಟ ಆ ಪದ್ಧತಿಯು ದೇಹಶ್ರಮಕ್ಕೂ ಕೆಲಸದ ಪರಿಸರಕ್ಕೂ ತಲಾ 50ನ್ನು ಮಾತ್ರ ಮೀಸಲಿಟ್ಟಿದೆ. ಕುಶಲಕರ್ಮಿಗಳಿಗೆ ಪ್ರತ್ಯೇಕ ವೇತನವ್ಯವಸ್ಥೆಯಿರುವುದು ನಿಜವಾದರೂ, ಅಳೆಯುವ ಮೊದಲೇ ಯಾವುದು ಅಮೂಲ್ಯ, ಯಾವುದು ಅಲ್ಪವೆಂಬ ನಿರ್ಣಯವು ಅಳತೆಗೋಲಿನಲ್ಲಿಯೇ ಅಡಗಿರುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದಾಗ್ಯೂ ಬರೆದಿಟ್ಟ ಅಳತೆಗೋಲನ್ನು ಪ್ರಶ್ನಿಸಬಹುದು. ಬರೆಯದೆ ಉಳಿದುದನ್ನು ಪ್ರಶ್ನಿಸುವ ಬಗೆಯೇ ಇಲ್ಲ.

ನಮ್ಮ ದೇಶದಲ್ಲಿ ಈ ವಿಚಾರವನ್ನು ಆಡಳಿತ ಸುಧಾರಣಾ ಆಯೋಗವು ಗಂಭೀರವಾಗಿ ಎತ್ತಿತು. ಮೈಸೂರಿನ ಮುಖ್ಯಮಂತ್ರಿಗಳಾಗಿ ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರ ಅಧ್ಯಕ್ಷತೆಯಲ್ಲಿ ಅದು 1969ರಲ್ಲಿ ಸಲ್ಲಿಸಿದ ಸಿಬ್ಬಂದಿ ಆಡಳಿತದ ವರದಿಯು, ಸಮಾನವಾದ ಅರ್ಹತೆ, ಕಾಠಿನ್ಯ, ಹೊಣೆಗಳನ್ನು ಬೇಡುವ ಹುದ್ದೆಗಳೆಲ್ಲ ಯಾವ ಸೇವೆಗೆ ಸೇರಿದ್ದರೂ ಒಂದೇ ದರ್ಜೆಯಲ್ಲಿರಬೇಕೆಂದೂ, ವೇತನಶ್ರೇಣಿಗಳು 20ರಿಂದ 25ನ್ನು ಮೀರಬಾರದೆಂದೂ ಸೂಚಿಸಿತು. ಆ ಸಲಹೆ ಕಾರ್ಯರೂಪಕ್ಕೆ ಬಾರದೆ ಹೋದುದು ನಮ್ಮ ಆಡಳಿತಕ್ಕೆ ಒದಗಿದ ನಷ್ಟವೆಂದೇ ನನ್ನ ಭಾವನೆ.

ಆಡಳಿತವು ಕೈಬಿಟ್ಟ ಪ್ರಶ್ನೆ ನ್ಯಾಯಾಲಯದ ಬಾಗಿಲಿಗೆ ಹೋಯಿತು. ದೆಹಲಿ ಪೊಲೀಸ್ ಪಡೆಯ ವಾಹನಚಾಲಕ ಕಾನ್‌ಸ್ಟೆಬಲ್ಲನೊಬ್ಬನಿಗೆ, ರೈಲ್ವೆ ರಕ್ಷಣಾ ಪಡೆಯ ಚಾಲಕರಿಗಿಂತ ಕಡಿಮೆಯಿಲ್ಲದ ವೇತನ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯವು 1982ರ ರಣಧೀರ್ ಸಿಂಗ್ ಪ್ರಕರಣದಲ್ಲಿ ವಿಧಿಸಿತು. ಆದರೆ 1988ರ ಚೌರಾಸಿಯಾ ಪ್ರಕರಣದಲ್ಲಿ, ಹುದ್ದೆಗಳ ಮೌಲ್ಯನಿರ್ಣಯವನ್ನು ವೇತನ ಆಯೋಗದಂತಹ ತಜ್ಞಮಂಡಲಿಗಳಿಗೇ ಬಿಡುವುದು ಉಚಿತವೆಂದು ಅದೇ ನ್ಯಾಯಾಲಯವು ಹೇಳಿತು. ಆ ಮಾತು ನ್ಯಾಯವಾದದ್ದೇ. ಆದರೆ ದಶಕಕ್ಕೊಮ್ಮೆ ಕೂಡಿ ಚದುರುವ ಆಯೋಗವು ಲಕ್ಷಾಂತರ ಹುದ್ದೆಗಳ ದೈನಂದಿನ ಸ್ವರೂಪವನ್ನು ಅರಿಯುವುದಾದರೂ ಹೇಗೆ? ಪ್ರತಿಯೊಂದು ಇಲಾಖೆಯೂ ತನ್ನ ಹುದ್ದೆಗಳ ಕರ್ತವ್ಯವಿವರಣೆಯನ್ನು ಬರೆದು ಪ್ರಕಟಿಸಲಿ. ಅವುಗಳನ್ನು ಪರಿಶೀಲಿಸಿ ನೌಕರನ ಮನವಿಯನ್ನು ಆಲಿಸಲು ಶಾಶ್ವತವಾದ ಮಂಡಲಿಯೊಂದನ್ನು ಸರ್ಕಾರವು ನೇಮಿಸಲಿ.