ಕಯಾಕ್ ಸ್ಕೆಗ್: ತಂತಿಯೋ ಹಗ್ಗವೋ?

ಸಮುದ್ರದಲ್ಲಿ ಓಡಿಸುವ ಕಯಾಕ್ ದೋಣಿಗೆ ಪಕ್ಕದಿಂದ ಗಾಳಿ ಬೀಸಿದರೆ ಅದರ ಮೂತಿ ತಾನಾಗಿಯೇ ಗಾಳಿಯತ್ತ ತಿರುಗುತ್ತದೆ. ಇದನ್ನು ತಡೆಯಲು ಹಿಂಭಾಗದ ತಳದ ಪೆಟ್ಟಿಗೆಯಿಂದ ಇಳಿಸುವ ರೆಕ್ಕೆಯೇ ಸ್ಕೆಗ್. ಚುಕ್ಕಾಣಿಯಂತೆ ಇದು ಎಡಬಲಕ್ಕೆ ತಿರುಗುವುದಿಲ್ಲ. ಅಡ್ಡಗಾಳಿಗೆ ಸಾಮಾನ್ಯವಾಗಿ ಅರ್ಧ ಇಳಿಸಿದರೆ ಸಾಕು. ಪೂರ್ತಿ ಇಳಿಸಿದರೆ ದೋಣಿ ಗಾಳಿಗೆ ಬೆನ್ನು ಮಾಡುತ್ತದೆ. ಆದ್ದರಿಂದ ಬೇಕಾದಷ್ಟೇ ಇಳಿಸಿ ನಿಲ್ಲಿಸಲು ಬರಬೇಕು.

ಬ್ರಿಟನ್ನಿನ ದೋಣಿಗಳಲ್ಲಿ ಹೆಚ್ಚಾಗಿ ಕಾಣುವುದು ತಂತಿ ವ್ಯವಸ್ಥೆ. ಕೂರುವ ಜಾಗದ ಪಕ್ಕದ ಗುಂಡಿಯನ್ನು ಸರಿಸಿದರೆ ಕೊಳವೆಯೊಳಗಿನ ಸ್ಟೀಲ್ ತಂತಿ ಸ್ಕೆಗ್ಗನ್ನು ಇಳಿಸುತ್ತದೆ, ಏರಿಸುತ್ತದೆ. ಸೈಕಲ್ ಬ್ರೇಕಿನ ತಂತಿಗೆ ಎಳೆಯುವ ಕೆಲಸ ಮಾತ್ರ, ಇದಕ್ಕೆ ತಳ್ಳುವ ಕೆಲಸವೂ ಇದೆ. ತೊಂದರೆ ಇರುವುದು ಅಲ್ಲೇ. ಕಲ್ಲಿನ ದಡದಲ್ಲಿ ಎಳೆದಾಡಿದ ದೋಣಿಯ ಪೆಟ್ಟಿಗೆಗೆ ಸಣ್ಣ ಕಲ್ಲು ಸಿಕ್ಕಿಕೊಳ್ಳುತ್ತದೆ. ಆಗ ಜೋರಾಗಿ ತಳ್ಳಿದರೆ ತಂತಿ ಮಡಚಿಹೋಗುತ್ತದೆ. ಒಮ್ಮೆ ಮಡಿಕೆ ಬಿದ್ದ ತಂತಿಯನ್ನು ಬದಲಿಸುವುದೇ ಸರಿ.

ಹಗ್ಗದ ವ್ಯವಸ್ಥೆಯಲ್ಲಿ ರಬ್ಬರ್ ಹುರಿ ಸ್ಕೆಗ್ಗನ್ನು ಕೆಳಗೆಳೆಯುತ್ತದೆ, ಹಗ್ಗ ಮೇಲೆತ್ತುತ್ತದೆ. (ಕೆಲವು ದೋಣಿಗಳಲ್ಲಿ ಇದು ತಿರುಗುಮುರುಗು.) ಕಲ್ಲು ಸಿಕ್ಕರೆ ಸ್ಕೆಗ್ ಇಳಿಯದು ಅಷ್ಟೇ, ಮುರಿಯುವಂಥದ್ದು ಏನಿಲ್ಲ. ಹಳೆಯದಾಗಿ ಸಡಿಲಾದ ರಬ್ಬರನ್ನು ದಡದಲ್ಲೇ ಬದಲಿಸಬಹುದು. ದೂರ ಹೋಗುವವರಿಗೆ ಇದೇ ವಾಸಿ. ಹೈಡ್ರಾಲಿಕ್ ವಿಧವೂ ಉಂಟು, ಆದರೆ ಕೆಟ್ಟರೆ ದಾರಿಯಲ್ಲಿ ರಿಪೇರಿ ಕಷ್ಟ.

ತಂತಿ ಹೊಂದಿಸಲು ದೋಣಿಯನ್ನು ಮಗ್ಗುಲಾಗಿ ಮಲಗಿಸಿ, ಗುಂಡಿಯನ್ನು ಸ್ಕೆಗ್ ಮೇಲೇರುವ ತುದಿಗೆ ಸರಿಸಿ. ಸ್ಕೆಗ್ ಇನ್ನೂ ಹೊರಗೆ ಇಣುಕುತ್ತಿದ್ದರೆ ಗುಂಡಿಯ ಸ್ಕ್ರೂ ಸಡಿಲಿಸಿ, ತಂತಿಯನ್ನು ಎಳೆದು ಮತ್ತೆ ಬಿಗಿಮಾಡಿ. ಸ್ಕೆಗ್ಗಿನ ತುದಿಗೆ ಸಣ್ಣ ತೂತು ಕೊರೆದು ಗಿಡ್ಡ ದಾರ ಕಟ್ಟಿಡಿ. ಕಲ್ಲು ಸಿಕ್ಕಿದಾಗ ಜೊತೆಗಾರರು ನೀರಿನಲ್ಲೇ ಅದನ್ನು ಹಿಡಿದೆಳೆದು ಬಿಡಿಸಬಹುದು.